ಉಜ್ಜಮ್ಮ ಮತ್ತು ಮುಚ್ಚದ ಗೆರೆ

ನಮ್ಮ ಸಂಶೋಧನಾಲಯದಲ್ಲಿ ಅವಳನ್ನು ಎಲ್ಲರೂ ಉಜ್ಜಮ್ಮ ಎಂದೇ ಕರೆಯುತ್ತಿದ್ದರು. ಎದುರಿಗೂ ಹಾಗೇ, ಬೆನ್ನ ಹಿಂದೆಯೂ ಹಾಗೇ. ಹೆತ್ತವರು ಇಟ್ಟ ಹೆಸರು ಬಾಗಿಲ ಬಳಿಯ ಹಾಜರಿ ಯಂತ್ರಕ್ಕೆ ಮಾತ್ರ ಗೊತ್ತಿತ್ತು. ಅದಕ್ಕೂ ಆಗಾಗ ಮರೆತುಹೋಗುತ್ತಿತ್ತು, ಏಕೆಂದರೆ ಉಜ್ಜಿ ಉಜ್ಜಿ ಅವಳ ಬೆರಳಿನ ಗುರುತು ಸವೆದಿತ್ತು. ಯಂತ್ರ ‘ಮತ್ತೊಮ್ಮೆ ಪ್ರಯತ್ನಿಸಿ’ ಎನ್ನುತ್ತಿತ್ತು, ಅವಳು ಯಂತ್ರದ ಗಾಜನ್ನು ಸೆರಗಿನಿಂದ ಒರೆಸಿ ಮತ್ತೊಮ್ಮೆ ಬೆರಳಿಡುತ್ತಿದ್ದಳು. ತಪ್ಪು ಗಾಜಿನ ಕೊಳೆಯದೇ ಎಂದು ಅವಳ ನಂಬಿಕೆ.

ನಾನು ಅಲ್ಲಿನ ಫ್ರೀಜರ್ ರಿಪೇರಿಯವನು. ಸಂಶೋಧನೆ ಎಂದರೆ ಬಿಳಿ ಕೋಟು, ಗಾಜಿನ ನಳಿಕೆ, ಗಂಭೀರ ಮುಖ ಎಂದುಕೊಂಡವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಅರ್ಧ ಸಂಶೋಧನೆ ನಡೆಯುವುದು ಫ್ರೀಜರಿನಲ್ಲಿ, ಇನ್ನರ್ಧ ಬಚ್ಚಲಿನಂಥ ಒಂದು ಕೋಣೆಯಲ್ಲಿ. ಫ್ರೀಜರ್ ನನ್ನ ವಶದಲ್ಲಿತ್ತು, ಬಚ್ಚಲು ಅವಳ ವಶದಲ್ಲಿತ್ತು. ಉದ್ಘಾಟನೆಗೆ ಬಂದ ದೊಡ್ಡವರಿಗೆ ಈ ಎರಡನ್ನೂ ಯಾರೂ ತೋರಿಸುತ್ತಿರಲಿಲ್ಲ.

ಅವಳ ಕೋಣೆ ಕಟ್ಟಡದ ಹಿಂಭಾಗದಲ್ಲಿ, ದೋಣಿ ನಿಲ್ಲುವ ಕಟ್ಟೆಗೆ ಬಾಗಿಲು ತೆರೆದಂತೆ ಇತ್ತು. ಉದ್ದದ ಸ್ಟೀಲ್ ತೊಟ್ಟಿ, ಅದಕ್ಕೆ ಎರಡು ನಲ್ಲಿ. ಒಂದರಲ್ಲಿ ಸಮುದ್ರದ ನೀರು, ಇನ್ನೊಂದರಲ್ಲಿ ಸಿಹಿನೀರು. ಗೋಡೆಯ ಮೊಳೆಗಳಿಗೆ ಗಾತ್ರದ ಪ್ರಕಾರ ನೇತುಹಾಕಿದ ಬ್ರಷ್ಷುಗಳು. ಕಟ್ಟಡದಲ್ಲಿ ಯಾರ ಹಲ್ಲುಜ್ಜುವ ಬ್ರಷ್ ಹಳತಾದರೂ ಅದು ಕೊನೆಗೆ ಅಲ್ಲಿಗೇ ಬಂದು ಸೇರುತ್ತಿತ್ತು. ಮುಳುಗುಗಾರ, ಅಂದರೆ ಸಮುದ್ರದ ತಳಕ್ಕೆ ಇಳಿದು ಮಾದರಿ ತರುತ್ತಿದ್ದ ನಮ್ಮ ಗೆಳೆಯ, ಚೀಲಗಳನ್ನು ತಂದು ತೊಟ್ಟಿಯ ಪಕ್ಕ ಇಡುತ್ತಿದ್ದ. ಚೀಲದಲ್ಲಿ ಸ್ಪಂಜುಗಳು ಇರುತ್ತಿದ್ದವು.

ಪಾತ್ರೆ ತೊಳೆಯುವ ಸ್ಪಂಜಲ್ಲ. ಇದು ಜೀವವಿರುವ ಪ್ರಾಣಿ. ಬಂಡೆಗೆ ಅಂಟಿಕೊಂಡು ಇಡೀ ಆಯಸ್ಸು ಅಲ್ಲೇ ಕಳೆಯುತ್ತದೆ. ಕಣ್ಣಿಲ್ಲ, ಓಡಲು ಕಾಲಿಲ್ಲ, ಕಚ್ಚಲು ಹಲ್ಲಿಲ್ಲ. ಸುತ್ತಮುತ್ತ ತಿಂದುಹಾಕಲು ಕಾದವರೇ ಎಲ್ಲ. ಆದರೂ ಅದನ್ನು ಯಾರೂ ಮುಟ್ಟುವುದಿಲ್ಲ, ಮೈಯಲ್ಲಿ ಅಂಥ ರಸಾಯನಗಳಿರುತ್ತವೆ. ಆ ರಸಾಯನಗಳಲ್ಲಿ ಯಾವುದಾದರೂ ಒಂದು ಮನುಷ್ಯರ ಕ್ಯಾನ್ಸರಿಗೆ ಔಷಧಿಯಾದೀತೇ ಎಂದು ಹುಡುಕುವುದು ಮೇಡಂ ಅವರ ಕೆಲಸ. ಮೇಡಂ ನಮ್ಮ ವಿಭಾಗದ ಮುಖ್ಯಸ್ಥೆ, ರಸಾಯನಶಾಸ್ತ್ರ ಓದಿದವರು. ಎರಡು ಕನ್ನಡಕ ಇಟ್ಟುಕೊಂಡಿದ್ದರು, ಎರಡನ್ನೂ ಏಕಕಾಲಕ್ಕೆ ಕಳೆದುಕೊಳ್ಳುವ ಕಲೆ ಅವರಿಗೆ ಸಿದ್ಧಿಸಿತ್ತು.

ಮೇಡಂ ಹುಡುಕುತ್ತಿದ್ದುದು ಕ್ಯಾನ್ಸರನ್ನು ಕೊಲ್ಲುವ ಔಷಧಿಯನ್ನಲ್ಲ. “ಕೊಲ್ಲೋದು ಬೇಕಾದಷ್ಟಿದೆ, ಜೊತೆಗೆ ರೋಗಿಯನ್ನೂ ಅರ್ಧ ಕೊಲ್ಲುತ್ತೆ,” ಎನ್ನುತ್ತಿದ್ದರು. “ಗೆಡ್ಡೆ ಹುಟ್ಟಿದ ಜಾಗದಲ್ಲೇ ಇದ್ರೆ ಕತ್ತರಿಸಿ ತೆಗೀಬಹುದು. ಅದು ಮನೆ ಬಿಟ್ಟು ಊರು ಸುತ್ತೋಕೆ ಶುರು ಮಾಡಿದಾಗಲೇ ಜೀವಕ್ಕೆ ಸಂಚಕಾರ. ಅದರ ಕಾಲು ಕಟ್ಟೋ ಔಷಧಿ ಬೇಕು ನಂಗೆ.”

ಪರೀಕ್ಷೆ ನೋಡಲು ಬಹಳ ಸರಳ. ಅಂಗೈಯಗಲದ ತಟ್ಟೆಯ ತಳದಲ್ಲಿ ಕ್ಯಾನ್ಸರಿನ ಜೀವಕಣಗಳನ್ನು ಒತ್ತೊತ್ತಾಗಿ ಬೆಳೆಸುತ್ತಾರೆ. ನಡುವೆ ಸಣ್ಣ ಕಡ್ಡಿಯಿಂದ ಒಂದು ಗೆರೆ ಎಳೆಯುತ್ತಾರೆ. ಗೆರೆಯ ಜಾಗ ಖಾಲಿಯಾಗುತ್ತದೆ. ಮಾರನೇ ದಿನ ನೋಡಿದರೆ ಎರಡೂ ಕಡೆಯಿಂದ ಕಣಗಳು ತೆವಳಿ ಬಂದು ಗೆರೆಯನ್ನು ಮುಚ್ಚಿರುತ್ತವೆ. ಔಷಧಿ ಹಾಕಿದ ತಟ್ಟೆಯಲ್ಲಿ ಗೆರೆ ತೆರೆದೇ ಉಳಿದರೆ, ಕಣಗಳೂ ಬದುಕಿದ್ದರೆ, ಅವುಗಳ ಕಾಲು ಕಟ್ಟಿದೆ ಎಂದು ಅರ್ಥ. ವರ್ಷಗಟ್ಟಲೆ ನಮ್ಮಲ್ಲಿ ಬೆಳಿಗ್ಗೆ ಮೊದಲ ಮಾತೇ ಅದಾಗಿತ್ತು: “ಗೆರೆ ಮುಚ್ಚಿತಾ?” ಮುಚ್ಚಿರುತ್ತಿತ್ತು.

ಉಜ್ಜಮ್ಮನ ತೊಟ್ಟಿಯ ಮೇಲೆ ಮೇಡಂ ಬರೆಸಿದ ಒಂದು ನಿಯಮ ಅಂಟಿಸಿತ್ತು: ಸ್ಪಂಜಿನ ಮೇಲಿರುವ ಬೇರೆ ಯಾವ ಜೀವಿಯನ್ನೂ, ಮಣ್ಣನ್ನೂ ಉಳಿಸದೆ ತೆಗೆದ ನಂತರವೇ ಫ್ರೀಜರಿಗೆ ಹಾಕಬೇಕು. ಒಳ್ಳೆಯ ನಿಯಮವೇ. ಔಷಧಿ ಸಿಕ್ಕಿದರೆ ಅದು ಸ್ಪಂಜಿನದೋ ಅದರೊಳಗೆ ಅಡಗಿದ್ದ ಏಡಿಮರಿಯದೋ ತಿಳಿಯಬೇಕಲ್ಲ. ಬೇರೆ ಯಾರಾದರೂ ಆಗಿದ್ದರೆ ಈ ನಿಯಮವನ್ನು ಅಷ್ಟಿಷ್ಟು ಪಾಲಿಸುತ್ತಿದ್ದರು. ಉಜ್ಜಮ್ಮ ಪೂರ್ತಿಯಾಗಿ ಪಾಲಿಸಿದಳು. ಚಿಮುಟದಿಂದ ಹುಳು ಹೆಕ್ಕಿ, ಚಿಪ್ಪು ಬಿಡಿಸಿ, ಮೆತ್ತನೆ ಬ್ರಷ್ಷಿನಿಂದ ಸಂದಿಗೊಂದಿಯನ್ನೆಲ್ಲ ಉಜ್ಜಿ, ಸಮುದ್ರದ ನೀರಿನಲ್ಲಿ ಜಾಲಾಡಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಉಜ್ಜುತ್ತಿದ್ದಳು. ಅವಳ ಕೈಯಿಂದ ಬಂದ ಸ್ಪಂಜು ನೋಡಿದರೆ ಅಂಗಡಿಯಲ್ಲಿ ಕೊಂಡದ್ದು ಎನ್ನಬೇಕು.

ಮನೆಯಲ್ಲೂ ಅದೇ ಕಥೆ. ಅವಳು ಮತ್ತು ಅವಳ ಅಕ್ಕ ಇಬ್ಬರೇ ಇದ್ದರು, ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ. ಅಮ್ಮ ಬೇಗ ತೀರಿಕೊಂಡಿದ್ದರಿಂದ ಅಕ್ಕನೇ ಹೊಲಿಗೆ ಮಿಷನ್ ತುಳಿದು ಇವಳನ್ನು ಸಾಕಿದ್ದಳು. ಅಕ್ಕನಿಗೆ ನಾಲಿಗೆ ಸ್ವಲ್ಪ ಚುರುಕು. ಅವರ ಮನೆಯ ಹಳೆಯ ಫ್ರಿಜ್ ಸರಿಮಾಡಲು ನಾನು ಆಗಾಗ ಹೋಗುತ್ತಿದ್ದೆ, ಹೋದಾಗಲೆಲ್ಲ ಚಹದ ಜೊತೆ ತಂಗಿಯ ಮೇಲೊಂದು ದೂರು ಸಿಗುತ್ತಿತ್ತು.

“ನೋಡಿ ಈ ತಟ್ಟೆ. ತಗೊಂಡಾಗ ಇದರ ಮೇಲೆ ನೀಲಿ ಹೂ ಇತ್ತು. ಉಜ್ಜಿ ಉಜ್ಜಿ ಹೂ ಮಾಯ ಮಾಡಿದಾಳೆ. ಒಂದಿನ ನನ್ನನ್ನೂ ಹಿಂಗೇ ಉಜ್ಜಿ ಮುಗಿಸ್ತಾಳೆ, ಆಮೇಲೆ ಅಕ್ಕ ಎಲ್ಲಿ ಅಂತ ಹುಡುಕ್ತಾಳೆ.”

“ಕೊಳೆ ಇದ್ರೆ ಸರಿನಾ ಹಾಗಾದ್ರೆ?” ಎಂದು ಒಳಗಿನಿಂದ ಉಜ್ಜಮ್ಮ.

“ಸ್ವಲ್ಪ ಇರ್ಲಿ ಕಣೇ. ಮನೆ ಅನ್ನೋ ಗುರುತಿಗೆ.”

ಈ ಅಕ್ಕನ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಆಪರೇಷನ್ ಆಯಿತು. ಉಜ್ಜಮ್ಮ ಹಿಂದೆಂದೂ ರಜೆ ಹಾಕಿದವಳಲ್ಲ, ಆ ವಾರ ಹಾಕಿದಳು. ಆಸ್ಪತ್ರೆಯ ಡಾಕ್ಟರು ಕೊನೆಗೆ ಹೇಳಿದ್ದು ಇಷ್ಟು: “ಗೆಡ್ಡೆ ತೆಗೆದಿದ್ದೀವಿ. ಇನ್ನು ಅದು ಹರಡದ ಹಾಗೆ ನೋಡ್ಕೋಬೇಕು.” ಹರಡದ ಹಾಗೆ. ಮೇಡಂ ದಿನಾ ಆಡುವ ಮಾತು ಆಸ್ಪತ್ರೆಯ ಡಾಕ್ಟರ ಬಾಯಲ್ಲಿ ಬಂದದ್ದು ಕೇಳಿ ಉಜ್ಜಮ್ಮನಿಗೆ ತನ್ನ ತೊಟ್ಟಿಯ ಅರ್ಥವೇ ಬದಲಾಯಿತು. ಅಲ್ಲಿಗೆ ಬರುವ ಪ್ರತಿ ಚೀಲವೂ ಅಕ್ಕನ ಔಷಧಿಯಾಯಿತು. ಬೇರೆಯವರಿಗೆ ಅದು ಸಂಬಳದ ಕೆಲಸ, ಅವಳಿಗೆ ಮಾತ್ರ ಮನೆಯ ಕೆಲಸ.

ಅವಳು ರಜೆಯಿಂದ ಮರಳಿದ ಕೆಲವು ತಿಂಗಳಿಗೆ, ಕಿವಿಯಂತೆ ಮಡಿಕೆ ಮಡಿಕೆಯಾಗಿದ್ದ ಒಂದು ಕಂದು ಸ್ಪಂಜಿನ ರಸ ಹಾಕಿದ ತಟ್ಟೆಯಲ್ಲಿ ಗೆರೆ ಮುಚ್ಚಲಿಲ್ಲ. ಮಾರನೇ ದಿನವೂ ಮುಚ್ಚಲಿಲ್ಲ. ಕಣಗಳು ಬದುಕಿದ್ದವು, ಉಣ್ಣುತ್ತಿದ್ದವು, ಕದಲುತ್ತಿರಲಿಲ್ಲ. ಮೇಡಂ ಓಡಿಬಂದು ಎಲ್ಲರನ್ನೂ ಕರೆದು ತೋರಿಸಿದರು. ಸಿಹಿ ಹಂಚಿದರು. ಮುಳುಗುಗಾರ ಅದಕ್ಕೆ ಕಿವಿಸ್ಪಂಜು ಎಂದು ಹೆಸರಿಟ್ಟ. ಉಜ್ಜಮ್ಮ ಅಂದು ಸಂಜೆ ಬಸ್ಸಿಗೆ ಕಾಯದೆ ನಡೆದೇ ಮನೆಗೆ ಹೋದಳಂತೆ, ಬಸ್ಸಿಗಿಂತ ತಾನೇ ಬೇಗ ಹೋಗುತ್ತೇನೆಂದು ಅನಿಸಿತಂತೆ.

“ನಿನ್ನ ಔಷಧಿ ಸಿಕ್ತು,” ಎಂದು ಬಾಗಿಲಲ್ಲೇ ಹೇಳಿದಳು.

ಅಕ್ಕ ಮಿಷನ್ ನಿಲ್ಲಿಸಲಿಲ್ಲ. “ಮೊದಲು ಇಲಿಗೆ ಕೊಡ್ತಾರೆ, ಆಮೇಲೆ ಇನ್ಯಾವುದೋ ಪ್ರಾಣಿಗೆ, ಆಮೇಲೆ ಪುಣ್ಯಾತ್ಮರು ಯಾರಿಗೋ. ಪೇಪರಲ್ಲಿ ಓದಿದೀನಿ. ಅದು ಬಾಟಲಿಗೆ ಇಳಿಯೋ ಹೊತ್ತಿಗೆ ನಾನು ಗೋಡೆ ಮೇಲೆ ಫೋಟೋ ಆಗಿರ್ತೀನಿ. ಕೈಕಾಲು ತೊಳ್ಕೊಂಡು ಬಾ, ಊಟ ಆರ್ತಾ ಇದೆ.”

ಉಜ್ಜಮ್ಮ ಅದನ್ನು ಕೇಳಿಸಿಕೊಂಡಳು, ನಂಬಲಿಲ್ಲ.

ಆ ಮೊದಲ ಕಿವಿಸ್ಪಂಜು ಪರೀಕ್ಷೆಗಳಿಗೇ ಮುಗಿದುಹೋಯಿತು. ಇನ್ನಷ್ಟು ಬೇಕು. ಮುಳುಗುಗಾರ ಅದೇ ಬಂಡೆಗೆ ಹೋಗಿ ಚೀಲ ತುಂಬಿಕೊಂಡು ಬಂದ. ಉಜ್ಜಮ್ಮ ಜೀವ ತೇಯ್ದು ತೊಳೆದಳು. ರಸ ತೆಗೆದರು, ತಟ್ಟೆಗೆ ಹಾಕಿದರು. ಬೆಳಗಾಗುವಷ್ಟರಲ್ಲಿ ಗೆರೆ ಮುಚ್ಚಿತ್ತು.

ಆಮೇಲೆ ಎರಡು ವರ್ಷ ಅದೇ ಹಾಡು. ಬೇರೆ ಆಳದಿಂದ ತಂದರು, ಬೇರೆ ತಿಂಗಳಲ್ಲಿ ತಂದರು, ನೆರಳಿನ ಕಡೆಯದು ತಂದರು, ಬಿಸಿಲಿನ ಕಡೆಯದು ತಂದರು. ರಸ ತೆಗೆಯುವ ವಿಧಾನ ಬದಲಿಸಿದರು. ಒಂದು ಹಂತದಲ್ಲಿ ನನ್ನ ಫ್ರೀಜರುಗಳ ಮೇಲೂ ಅನುಮಾನ ಬಂತು, ತಂಪು ಸಾಲದೆ ರಸಾಯನ ಹಾಳಾಗಿರಬಹುದೆಂದು ಯಾರೋ ಸಭೆಯಲ್ಲಿ ಅಂದರು. ನನಗೆ ಮೈಯೆಲ್ಲ ಉರಿಯಿತು. ಒಂದೊಂದು ಫ್ರೀಜರಿಗೂ ಮೂರು ಮೂರು ಥರ್ಮಾಮೀಟರ್ ತುರುಕಿ, ಓದಿ ನೋಡಿ ಎಂದು ಅವರ ಮುಂದೆ ಹಿಡಿದೆ. ಓದಿದರು, ಸುಮ್ಮನಾದರು. ಕ್ಷಮೆ ಕೇಳಲಿಲ್ಲ. ಗೆರೆ ಮಾತ್ರ ಪ್ರತಿ ಸಲವೂ ಮುಚ್ಚುತ್ತಿತ್ತು, ಪ್ರತಿ ಸಲವೂ ಉಜ್ಜಮ್ಮ ಮುಂದಿನ ಚೀಲವನ್ನು ಇನ್ನೂ ಚೆನ್ನಾಗಿ ತೊಳೆಯುತ್ತಿದ್ದಳು.

ಕೊನೆಗೆ ಹಳೆಯದೊಂದು ಫ್ರೀಜರಿನ ಕಂಪ್ರೆಸರ್ ಕೆಟ್ಟಿತು. ಅದು ಕೆಟ್ಟದ್ದು ವಯಸ್ಸಿನಿಂದ, ನನ್ನಿಂದಲ್ಲ. ಒಳಗಿದ್ದದ್ದನ್ನೆಲ್ಲ ಹೊರಗೆ ತೆಗೆದೆವು. ನಾನು, ಮುಳುಗುಗಾರ, ಮೇಡಂ ಮೂವರೂ ಇದ್ದೆವು. ಉಜ್ಜಮ್ಮ ಅಕ್ಕನನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿದ್ದಳು, ಅಕ್ಕನಿಗೆ ಬೆನ್ನುನೋವು ಶುರುವಾಗಿತ್ತು. ತಳದ ಮೂಲೆಯಲ್ಲಿ ಮಂಜಿಗೆ ಅಂಟಿಕೊಂಡಿದ್ದ ಒಂದು ಚೀಲವನ್ನು ಕಿತ್ತು ತೆಗೆದೆ. ಒಳಗೆ ಅಂಗೈಯಷ್ಟು ಕಿವಿಸ್ಪಂಜಿನ ಚೂರು. ಮಣ್ಣು, ಪಾಚಿ, ಮೇಲೆಲ್ಲ ಕಂದುಬಣ್ಣದ ಲೋಳೆ.

“ಉಜ್ಜಮ್ಮನ ಮಾನ ಹೋಯ್ತು,” ಎಂದು ನಾನು ನಕ್ಕೆ. “ಇಂಥ ಕೊಳಕು ಇಟ್ಟಿದಾಳೆ.”

“ಅವರದ್ದಲ್ಲ ಅದು,” ಎಂದ ಮುಳುಗುಗಾರ. “ಅವತ್ತು ಅವರಿರ್ಲಿಲ್ಲ. ಅಕ್ಕನ ಆಪರೇಷನ್ ವಾರ ಅಲ್ವಾ. ದೋಣಿಯಿಂದ ತಂದ ಚೀಲಗಳನ್ನ ನಾನೇ ಹಾಗೇ ತುರುಕಿದ್ದೆ, ಇದೊಂದು ಮೂಲೆ ಸೇರಿಬಿಟ್ಟಿದೆ.”

ಮೇಡಂ ಕೈಯಲ್ಲಿದ್ದ ಚೀಲ ಕೆಳಗಿಟ್ಟರು. “ಮೊದಲನೇ ಸಲ ಗೆರೆ ಮುಚ್ಚದೇ ಇದ್ದಿದ್ದು, ಅದೇ ವಾರ ತಂದ ಸ್ಪಂಜಿಂದ ತಾನೇ?”

ಅದೇ ವಾರದ್ದು. ಮೂವರೂ ಆ ಲೋಳೆಯನ್ನು ನೋಡುತ್ತ ನಿಂತೆವು. ಮೇಡಂ ಬಿಡಿಸಿ ಹೇಳಿದರು. ಸ್ಪಂಜಿನ ಮೈಮೇಲಿನ ಲೋಳೆಯಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ಸಂಸಾರವೇ ಇರುತ್ತದೆ. ಔಷಧಿ ಮಾಡುತ್ತಿರುವುದು ಅವೇ ಇರಬಹುದು. ಸ್ಪಂಜು ಬರೀ ಮನೆ ಮಾಲೀಕ, ಕೆಲಸವೆಲ್ಲ ಬಾಡಿಗೆಯವರದು. ಬಾಡಿಗೆಯವರನ್ನು ನಾವು ಪ್ರತಿ ಸಲವೂ ಬ್ರಷ್ಷಿನಿಂದ ಉಜ್ಜಿ ಚರಂಡಿಗೆ ಕಳಿಸಿ, ಖಾಲಿ ಮನೆಯನ್ನು ಪರೀಕ್ಷೆಗೆ ಕೊಟ್ಟಿದ್ದೇವೆ.

“ಹಾಗಂತ ನಿಯಮ ಬರೆದೋಳು ನಾನೇ,” ಎಂದರು.

ಇದು ಬರೀ ಊಹೆ. ಆ ಚೂರು ಫ್ರೀಜರ್ ಕೆಟ್ಟಾಗ ಅರ್ಧ ಕರಗಿ ಹಳಸಿತ್ತು. ಅದರಿಂದ ಮಾಡಿದ ಪರೀಕ್ಷೆಯಲ್ಲಿ ಗೆರೆ ಅರ್ಧ ಮುಚ್ಚಿತು, ಅರ್ಧ ಮುಚ್ಚಲಿಲ್ಲ. ಖಚಿತವಾಗಬೇಕಾದರೆ ತೊಳೆಯದ ಹೊಸ ಸ್ಪಂಜು ಬೇಕು. ಸಮುದ್ರ ಒರಟಾಗುವ ತಿಂಗಳುಗಳು ಹತ್ತಿರ ಬಂದಿದ್ದವು, ಅದಕ್ಕೆ ಮುಂಚೆ ಒಂದೇ ಒಂದು ದೋಣಿ ಹೋಗಬಹುದಿತ್ತು.

ಅದೇ ವಾರ ಅಕ್ಕನ ಬೆನ್ನುನೋವಿನ ಕಾರಣ ತಿಳಿಯಿತು. ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿತ್ತು. ಮೇಡಂ ನನ್ನನ್ನೂ ಮುಳುಗುಗಾರನನ್ನೂ ಕೂರಿಸಿಕೊಂಡು, “ಈಗ ಹೋಗಿ ಆಕೆಗೆ ಏನಂತ ಹೇಳ್ಲಿ? ನಿಮ್ಮಕ್ಕನಿಗೆ ಬೇಕಾಗಿದ್ದ ಔಷಧೀನ ಎರಡು ವರ್ಷದಿಂದ ನೀವೇ ತೊಳೆದು ಚೆಲ್ತಾ ಇದ್ರಿ ಅಂತಲಾ?” ಎಂದು ಕೇಳಿದರು. ಹಾಗಾಗಿ ಕಾರಣ ಹೇಳದೆ ಕೆಲಸ ಮಾತ್ರ ಹೇಳುವುದೆಂದು ತೀರ್ಮಾನವಾಯಿತು. ಒಳ್ಳೆಯ ಮನಸ್ಸಿನಿಂದಲೇ ಆದ ತೀರ್ಮಾನ. ಒಳ್ಳೆಯ ಮನಸ್ಸಿನವರು ಮೂವರು ಸೇರಿದರೆ ಎಂಥ ಅನಾಹುತವಾಗುತ್ತದೆಂದು ಆಗ ನಮಗೆ ತಿಳಿದಿರಲಿಲ್ಲ.

“ಇನ್ಮೇಲೆ ಕಿವಿಸ್ಪಂಜು ತೊಳೆಯೋದು ಬೇಡ ಉಜ್ಜಮ್ಮ,” ಎಂದರು ಮೇಡಂ. “ಬಂದ ಹಾಗೇ ಫ್ರೀಜರಿಗೆ ಹಾಕಿಬಿಡಿ.”

“ಯಾಕೆ ಮೇಡಂ? ನನ್ನ ಕೆಲಸದಲ್ಲಿ ಏನಾದ್ರೂ…”

“ಛೆ, ಹಾಗೇನಿಲ್ಲ. ಟೈಮ್ ಉಳಿಯುತ್ತೆ ಅಂತ ಅಷ್ಟೆ. ನೀವೂ ಬೇಗ ಮನೆಗೆ ಹೋಗಬಹುದು.”

ಉಜ್ಜಮ್ಮ ತಲೆಯಾಡಿಸಿದಳು. ಆಮೇಲೆ ನನ್ನ ಹತ್ತಿರ ಬಂದು ಸಿಡುಕಿದಳು. “ನೋಡಿದ್ರಾ ಫ್ರೀಜರಣ್ಣ? ಕೈಗೆ ಬರ್ತಿಲ್ಲ ಅಂತ ಇವರಿಗೆಲ್ಲ ಬೇಸರ ಬಂದಿದೆ. ಕಾಟಾಚಾರಕ್ಕೆ ಮಾಡಿ ಮುಗಿಸೋಣ ಅಂತಿದಾರೆ. ಮಣ್ಣು ಮಸಿ ಎಲ್ಲ ಸೇರಿಸಿ ರಸ ತೆಗೆದ್ರೆ ಔಷಧಿ ಆಗುತ್ತಾ?”

“ಮೇಡಂ ಹೇಳಿದ್ದಾರೆ, ಹಾಗೇ ಮಾಡು,” ಎಂದೆ.

“ಅವರಿಗೇನು, ಅವರ ಅಕ್ಕ ಮಲಗಿಲ್ಲ.”

ಕೊನೆಯ ದೋಣಿ ಬಂತು. ಮುಳುಗುಗಾರ ಚೀಲವನ್ನು ಅವಳ ಕೈಗೆ ಕೊಟ್ಟು ಹಗ್ಗ ಬಿಗಿಯಲು ಮರಳಿ ಹೋದ, ಗಾಳಿ ಜೋರಾಗಿತ್ತು. ಚೀಲ ಫ್ರೀಜರಿಗೆ ಹೋಯಿತು. ಸಮುದ್ರ ಮುಚ್ಚಿತು.

ಅಕ್ಕ ಆ ಒರಟು ತಿಂಗಳುಗಳಲ್ಲಿ ತೀರಿಕೊಂಡಳು. ಕೊನೆಕೊನೆಗೆ ನೋವು ಬಹಳವಿತ್ತು, ಅದನ್ನು ವಿವರಿಸುವುದು ನನಗೆ ಬೇಡ. ಮಾತು ಮಾತ್ರ ಮೊಂಡಾಗಲಿಲ್ಲ. ನಾನು ಕೊನೆಯ ಬಾರಿ ನೋಡಲು ಹೋದಾಗ ಉಜ್ಜಮ್ಮ ಹಾಸಿಗೆಯ ಪಕ್ಕ ಕೂತು ಕಿಟಕಿಯ ಸರಳು ಒರೆಸುತ್ತಿದ್ದಳು. ಅಕ್ಕ ನನಗೆ, “ಸರಳು ಸವೆದು ಕಳ್ಳ ಒಳಗೆ ಬಂದ್ರೆ ನೀವೇ ಹೊಣೆ,” ಎಂದಳು. ಮಣ್ಣಿಗೆ ಹೋದವರು ಹತ್ತು ಹನ್ನೆರಡು ಜನ. ಉಜ್ಜಮ್ಮ ಕೆಲವು ದಿನ ಮನೆಯಲ್ಲಿದ್ದು ಕೆಲಸಕ್ಕೆ ಬಂದಳು. ಹಾಜರಿ ಯಂತ್ರ ಎಂದಿನಂತೆ ‘ಮತ್ತೊಮ್ಮೆ ಪ್ರಯತ್ನಿಸಿ’ ಎಂದಿತು. ಅವಳು ಗಾಜು ಒರೆಸಿದಳು.

ಅದಾಗಿ ತಿಂಗಳೊಳಗೆ ಕೊನೆಯ ಚೀಲದ ಫಲಿತಾಂಶ ಬಂತು. ಗೆರೆ ಮುಚ್ಚಿತ್ತು. ಮೇಡಂ ಎರಡು ಸಲ ಮಾಡಿಸಿದರು, ಎರಡು ಸಲವೂ ಮುಚ್ಚಿತು. ಊಹೆ ಸುಳ್ಳಾಯಿತು ಎಂದುಕೊಂಡರು. ಕಿವಿಸ್ಪಂಜಿನ ಕೆಲಸ ಕೈಬಿಡುತ್ತೇವೆಂದು ಮುಂದಿನ ವಾರದ ಸಭೆಯಲ್ಲಿ ಹೇಳುವುದೆಂದು ನಿರ್ಧರಿಸಿದರು. ಅವರ ಕೋಣೆಯ ಫ್ಯಾನು ಕಟಕಟ ಎನ್ನುತ್ತಿತ್ತು, ಫ್ರೀಜರಿನವನಿಗೆ ಫ್ಯಾನೂ ಬರುತ್ತದೆಂದು ಎಲ್ಲರಿಗೂ ಗೊತ್ತಿದ್ದರಿಂದ ನಾನು ಏಣಿಯ ಮೇಲಿದ್ದೆ. ಆಗ ಉಜ್ಜಮ್ಮ ಚಹ ತಂದಳು. ಚಹ ತರುವುದು ಅವಳ ಕೆಲಸವಲ್ಲ. ಮೇಡಂ ಸಪ್ಪಗಿದ್ದದ್ದು ನೋಡಿ ಸಮಾಧಾನ ಹೇಳಲು ಬಂದಿದ್ದಳು.

“ನೀವು ಎದೆಗುಂದಬೇಡಿ ಮೇಡಂ. ನಿಮ್ಮ ಕಡೆಯಿಂದ, ನನ್ನ ಕಡೆಯಿಂದ ಏನೂ ಕಡಿಮೆ ಆಗಿಲ್ಲ. ಈ ಸಲ ನೀವು ಬೇಡ ಅಂದಿದ್ರೂ ನಾನು ಬಿಡ್ಲಿಲ್ಲ. ಚೆನ್ನಾಗಿ ತೊಳೆದೇ ಇಟ್ಟಿದ್ದೆ. ಅಷ್ಟು ಚೊಕ್ಕವಾಗಿ ಯಾವತ್ತೂ ತೊಳೆದಿರ್ಲಿಲ್ಲ. ಆದ್ರೂ ಕೈಕೊಡ್ತು ಅಂದ್ರೆ ಆ ಸ್ಪಂಜಲ್ಲೇ ಏನೂ ಇಲ್ಲ ಬಿಡಿ.”

ನನ್ನ ಕೈಯಿಂದ ಸ್ಕ್ರೂ ಕೆಳಗೆ ಬಿತ್ತು. ಮೇಡಂ ಮೊದಲು ನಕ್ಕರು. ನಗು ಎಂದುಕೊಂಡದ್ದು ನಡುವೆ ಎಲ್ಲೋ ಬೇರೆಯಾಯಿತು, ಕನ್ನಡಕ ತೆಗೆದು ಮುಖ ಮುಚ್ಚಿಕೊಂಡರು. ಉಜ್ಜಮ್ಮ ಗಾಬರಿಯಾಗಿ ನನ್ನ ಕಡೆ ನೋಡಿದಳು. ನಾನು ಫ್ಯಾನಿನ ಕಡೆ ನೋಡಿದೆ.

“ಕೂತ್ಕೊಳ್ಳಿ ಉಜ್ಜಮ್ಮ,” ಎಂದು ಮೇಡಂ ಎಲ್ಲವನ್ನೂ ಹೇಳಿದರು. ಅಕ್ಕನ ಆಪರೇಷನ್ ವಾರ, ತೊಳೆಯದ ಚೀಲ, ಲೋಳೆ, ತಾವು ಬರೆದ ನಿಯಮ, ತಾವು ಮುಚ್ಚಿಟ್ಟ ಮಾತು, ಒಂದೂ ಬಿಡಲಿಲ್ಲ. ಮುಗಿದ ಮೇಲೆ ಉಜ್ಜಮ್ಮ ಎದ್ದು, ಯಾರೂ ಮುಟ್ಟದ ಚಹದ ಲೋಟ ತೆಗೆದುಕೊಂಡು ಹೋದಳು. ಅದನ್ನು ತೊಳೆಯುವ ಸದ್ದು ಕೇಳಿಸೀತೆಂದು ನಾನು ಕಾದೆ. ಕೇಳಿಸಲಿಲ್ಲ.

ಮಾರನೇ ದಿನ ಅವಳು ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಸಭೆಯಲ್ಲಿ ಮೇಡಂ ಕೈಬಿಡುವ ಮಾತೆತ್ತದೆ ಇನ್ನೊಂದು ಅವಕಾಶ ಕೇಳಿ ಪಡೆದರು, ಅದನ್ನು ತಿಳಿಸಲೆಂಬ ನೆಪ ಮಾಡಿಕೊಂಡು ನಾನೂ ಮುಳುಗುಗಾರನೂ ಅವಳ ಮನೆಗೆ ಹೋದೆವು. ಹೊಲಿಗೆ ಮಿಷನ್ನಿಗೆ ಬಟ್ಟೆ ಹೊದಿಸಿತ್ತು. ಅದರ ಮೇಲೆ ಧೂಳಿತ್ತು. ಆ ಮನೆಯಲ್ಲಿ ಧೂಳನ್ನು ನಾನು ನೋಡಿದ್ದು ಅದೇ ಮೊದಲು, ನನಗೆ ನಿಜಕ್ಕೂ ಭಯವಾಯಿತು.

“ನಿಮಗಿಬ್ಬರಿಗೂ ಗೊತ್ತಿತ್ತು,” ಎಂದಳು. ಕೇಳಿದ್ದಲ್ಲ, ಹೇಳಿದ್ದು.

“ನಿನಗೆ ನೋವಾಗುತ್ತೆ ಅಂತ…” ಎಂದು ನಾನು ಶುರುಮಾಡಿದೆ.

“ನೋವಾಗ್ತಿತ್ತು. ಹೇಳಿದ್ರೆ ಅಳ್ತಿದ್ದೆ, ಅಷ್ಟೇ ತಾನೇ? ಅತ್ತು, ತೊಳೆಯೋದು ಬಿಡ್ತಿದ್ದೆ.”

ಮುಳುಗುಗಾರ ತಲೆ ತಗ್ಗಿಸಿದ. ನಾನೂ ತಗ್ಗಿಸಿದೆ. ಅವಳು ಹೂವಿಲ್ಲದ ಎರಡು ತಟ್ಟೆಯಲ್ಲಿ ಬಿಸ್ಕತ್ತು ತಂದಿಟ್ಟಳು. ನಾವು ತಿಂದೆವು, ಬೇರೇನು ಮಾಡಲಿಕ್ಕಾಗುತ್ತದೆ.

ಸಮುದ್ರ ತಣ್ಣಗಾದ ಮೇಲೆ ಮೊದಲ ದೋಣಿ ಹೊರಟ ದಿನ ಅವಳು ಕೆಲಸಕ್ಕೆ ಬಂದಳು. ಬೇರೆ ಯಾರನ್ನಾದರೂ ಆ ಜಾಗಕ್ಕೆ ಹಾಕೋಣವೇ ಎಂದು ಮೇಡಂ ಮೆಲ್ಲಗೆ ಕೇಳಿದ್ದಕ್ಕೆ ಬೇಡವೆಂದಳು. ಚೀಲ ಬಂದಾಗ ನಾನು ಅಲ್ಲೇ ಇದ್ದೆ. ಕಿವಿಸ್ಪಂಜಿನ ಮೇಲೆ ಒಂದಿಂಚು ಕೆಸರು, ಪಾಚಿಯ ಜೂಲು, ಮಡಿಕೆಯಲ್ಲೊಂದು ಪುಟ್ಟ ಏಡಿ. ಅವಳು ಏಡಿಯನ್ನು ಮಾತ್ರ ಚಿಮುಟದಿಂದ ಎತ್ತಿ ಕಟ್ಟೆಯಾಚೆ ನೀರಿಗೆ ಬಿಟ್ಟಳು, ಅದಕ್ಕೆ ಮೇಡಂ ಒಪ್ಪಿಗೆಯಿತ್ತು. ಆಮೇಲೆ ತೊಟ್ಟಿಯ ಮುಂದೆ ನಿಂತು ಸ್ಪಂಜನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೋಡಿದಳು. ಬಲಗೈ ತನ್ನಷ್ಟಕ್ಕೇ ಬ್ರಷ್ಷಿನ ಕಡೆ ಹೋಯಿತು. ಅವಳು ಅದನ್ನು ಹಿಂದಕ್ಕೆ ತೆಗೆದುಕೊಂಡಳು. ಆ ಕೆಸರನ್ನು ಹಾಗೇ ಚೀಲಕ್ಕೆ ತುಂಬಿ ಗಂಟು ಹಾಕುವಾಗ ಅವಳ ಹಣೆಯಲ್ಲಿ ಬೆವರು ಕಾಣಿಸಿತು. ಅಷ್ಟು ವರ್ಷ ಉಜ್ಜಿದಾಗ ಒಂದು ದಿನವೂ ಬೆವರಿದವಳಲ್ಲ.

ಗೆರೆ ಮುಚ್ಚಲಿಲ್ಲ.

ಈ ಬಾರಿ ಮೇಡಂ ಎಲ್ಲರನ್ನೂ ಕರೆಯಲಿಲ್ಲ. ಮತ್ತೆ ಮಾಡಿಸಿದರು, ಲೋಳೆಯನ್ನು ಬೇರೆಯಾಗಿ ಕೆರೆದು ಮಾಡಿಸಿದರು, ತೊಳೆದ ಸ್ಪಂಜಿನ ಜೊತೆ ಹೋಲಿಸಿ ಮಾಡಿಸಿದರು. ಲೋಳೆಯಿದ್ದಲ್ಲೆಲ್ಲ ಗೆರೆ ತೆರೆದೇ ಇತ್ತು. ಆ ಸೂಕ್ಷ್ಮಜೀವಿಯನ್ನು ಸಮುದ್ರಕ್ಕೆ ಹೋಗದೆ ತಟ್ಟೆಯಲ್ಲೇ ಬೆಳೆಸಬಹುದೇ ಎಂದು ನೋಡಬೇಕು, ಇಲಿಗಳ ಮೇಲೆ ಪರೀಕ್ಷಿಸಬೇಕು, ಅಲ್ಲೆಲ್ಲೂ ಕೈಕೊಡದಿದ್ದರೆ ಮುಂದಿನದು. ಮಾಡಬೇಕಾದ್ದು ಬೆಟ್ಟದಷ್ಟಿತ್ತು, ಆದರೂ ಮೇಡಂ ಮುಖದಲ್ಲಿ ವರ್ಷಗಳ ಮೇಲೆ ಗೆಲುವು ಕಂಡಿತು. ಉಜ್ಜಮ್ಮನನ್ನು ತಾವೇ ಹೋಗಿ ಕರೆತಂದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಅಲ್ಲಿ ಫ್ರೀಜರ್ ಇದ್ದುದರಿಂದ ನಾನೂ ಇದ್ದೆ.

ಉಜ್ಜಮ್ಮ ಒಂದು ಕಣ್ಣು ಮುಚ್ಚಿ ನೋಡಿದಳು. ಬಹಳ ಹೊತ್ತು ನೋಡಿದಳು. ತಟ್ಟೆಯ ನಡುವೆ ಖಾಲಿ ದಾರಿ, ಎರಡೂ ದಂಡೆಯಲ್ಲಿ ಒತ್ತಾಗಿ ನಿಂತ ಕಣಗಳು. ಒಂದೂ ದಾಟಿರಲಿಲ್ಲ.

“ಇದು ಔಷಧಿ ಆಗೋಕೆ ಎಷ್ಟು ವರ್ಷ ಬೇಕು ಮೇಡಂ?”

“ಎಲ್ಲ ಸರಿಹೋದ್ರೆ ಹತ್ತು ವರ್ಷ. ಜಾಸ್ತೀನೂ ಆಗಬಹುದು. ಆಗದೇನೂ ಇರಬಹುದು.” ಮೇಡಂ ಅವಳ ಭುಜದ ಮೇಲೆ ಕೈಯಿಟ್ಟರು. “ನಿಮ್ಮ ಮನಸ್ಸಲ್ಲಿ ಏನಿದೆ ಅಂತ ಗೊತ್ತು. ನೀವು ತೊಳೆಯದೇ ಇದ್ದಿದ್ರೂ ನಿಮ್ಮ ಅಕ್ಕನಿಗೆ ಇದು ಸಿಗ್ತಿರ್ಲಿಲ್ಲ ಉಜ್ಜಮ್ಮ. ಖಂಡಿತ ಸಿಗ್ತಿರ್ಲಿಲ್ಲ. ಅದನ್ನ ತಲೆಯಿಂದ ತೆಗೆದುಹಾಕಿ.”

“ಗೊತ್ತು ಮೇಡಂ. ಅಕ್ಕನೇ ಹೇಳಿದ್ಲು.” ಅವಳು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. “ನಾನು ಅಕ್ಕನ ವಿಷಯ ಹೇಳ್ತಿಲ್ಲ. ಹತ್ತು ವರ್ಷಕ್ಕೆ ಇದು ಬಂತು ಅಂತಿಟ್ಕೊಳ್ಳಿ. ನಾನು ತೊಳೆಯದೇ ಇದ್ದಿದ್ರೆ ಎರಡು ವರ್ಷ ಮುಂಚೇನೇ ಬರ್ತಿತ್ತು ಅಲ್ವಾ? ಆ ಎರಡು ವರ್ಷದಲ್ಲಿ ಯಾರ ಅಕ್ಕನಾದ್ರೂ ಮಲಗಿರ್ತಾಳಲ್ಲ ಮೇಡಂ. ಆಗ. ಔಷಧಿಗೆ ಕಾಯ್ತಾ. ಅವಳಿಗೆ ಏನಂತ ಹೇಳೋದು?”

ಮೇಡಂ ಸಮಾಧಾನಕ್ಕೆಂದು ತಂದಿದ್ದ ಮಾತುಗಳೆಲ್ಲ ಅಕ್ಕನ ಅಳತೆಗೆ ಹೊಲಿದದ್ದು. ಇದಕ್ಕೆ ಯಾವುದೂ ಹೊಂದಲಿಲ್ಲ. ಅವರ ಕೈ ಅವಳ ಭುಜದ ಮೇಲೇ ಇತ್ತು.

“ಅದ್ರಲ್ಲಿ ಕೊನೆಯ ದೋಣಿ ತಪ್ಪು ನನ್ನ ಪಾಲಿಗೆ ಹಾಕಿ,” ಎಂದರು ಮೇಡಂ ಕೊನೆಗೆ. “ನಿಮಗೆ ಹೇಳದೇ ಇದ್ದಿದ್ದು ನಾನು. ನಿಯಮ ಬರೆದಿದ್ದೂ ನಾನೇ.”

“ಸರಿ,” ಎಂದಳು ಉಜ್ಜಮ್ಮ. ಬೇಡ ಎನ್ನಲಿಲ್ಲ. ಎದ್ದು ನಿಂತಳು, ಅಭ್ಯಾಸಬಲದಿಂದ ಸೂಕ್ಷ್ಮದರ್ಶಕದ ಗಾಜು ಒರೆಸಲು ಸೆರಗು ಎತ್ತಿದಳು, ಹಾಗೇ ಬಿಟ್ಟಳು.

“ಹಾಗಾದ್ರೆ ಮುಂದಿನ ದೋಣಿ ಯಾವತ್ತು?”

ಮೇಡಂ ಕನ್ನಡಕ ಹುಡುಕತೊಡಗಿದ್ದರು. ಶುಕ್ರವಾರ ಎಂದು ನಾನೇ ಹೇಳಿದೆ. ಅಷ್ಟು ತಡವಾಗಿ ಯಾಕೆ ಎಂದು ಅವಳು ನನ್ನ ಮೇಲೆ ರೇಗಿದಳು.